ವೈನ್ ಬಾಟ್ಲಿಗೂ ಚೂರು ನೆರಳು ಕೊಡ್ರಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಹುಬ್ಬಳ್ಳಿ-ಧಾರವಾಡದಾಗ ವೈನಿನ ರುಚಿ ಕೆಡಸಾವ್ರು ಅದನ್ನ ಮಾಡೋ ಕಂಪನಿಯವ್ರಲ್ಲ, ಮಾರೋ ಅಂಗಡಿ ಕಪಾಟು, ಇದನ್ನ ಬರೀಬೇಕಂತ ಭಾಳ ದಿನದಿಂದ ಅನ್ಕೊಂಡಿದ್ದೆ. ನಾ ಏನ್ ಪಂಡಿತ ಅಲ್ರೀ, ಬ್ಯಾಂಕ್ ನೌಕರಿಯಿಂದ ರಿಟೈರ್ ಆದಾಂವ. ನಾವೊಂದಿಷ್ಟು ದೋಸ್ತರು ಪಟ್ಟಿ ಹಾಕಿ ಬಾಟ್ಲಿ ತರಸ್ತೇವಿ, ಹೆಸರು ಕಾಣದಂಗ ಪೇಪರ್ ಸುತ್ತತೇವಿ (ಬ್ಯಾಸರ ಮಾಡ್ಕೋಬ್ಯಾಡ್ರಿ, ಹೆಚ್ಚಾಗಿ ನಿಮ್ಮದ ಪೇಪರ್), ಆಮ್ಯಾಲೆ ಒಂದೊಂದ ಗುಟುಕು ಕುಡದು ತಿಳದಷ್ಟು ಮಾತಾಡ್ತೇವಿ.

ನಮ್ಮ ಕಡೆ ವೈನ್ ಅಂದ್ರ ಸಿಹಿ ಪಾನಕ ಅಂತ ತಿಳಕೊಂಡಾರ. ಅದಕ್ಕ ಕಾರಣ ಬೆಂಗಳೂರು ಬ್ಲೂ ದ್ರಾಕ್ಷಿಯ ಅಗ್ಗದ ಸಿಹಿ ವೈನು. ಮುಚ್ಚಳ ತಗದ್ರ ಮನಿ ತುಂಬ ದ್ರಾಕ್ಷಿ ಘಮ, ಅದೇನೋ ಖರೇ, ಆದ್ರ ಎರಡನೇ ಗ್ಲಾಸಿಗೆ ಸಾಕಪಾ ಅನಸ್ತದ. ನಾಸಿಕದ ಸುಲಾ ಕಂಪನಿಯವರ ಚೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನು ಬ್ಯಾರೇನ, ತುಸು ಸಿಹಿ ತುಸು ಹುಳಿ, ಚೆಂದ ತಣ್ಣಗ ಮಾಡಿ ಮಿರ್ಚಿ ಭಜಿ ಗಿರ್ಮಿಟ್ ಜೋಡಿ ಕುಡದ್ ನೋಡ್ರಿ, ಆ ಸಿಹಿ ಖಾರಾನ ಹಿಡದ್ ಕೂಡಸ್ತದ. ಸೋವಿನ್ಯೋ ಬ್ಲಾಂಕ್ ಅನ್ನೋ ದ್ರಾಕ್ಷಿಯ ಬಿಳಿ ವೈನ್ ತಂದ ದಿನ ನಮ್ಮ ಮನಿಯಾಕಿ ಬರೇ ಮೂಸಿ ನೋಡಿ "ಏನ್ರೀ ಇದು, ದೊಣ್ಣಮೆಣಸಿನಕಾಯಿ ಹೆಚ್ಚಿದ ವಾಸನಿ ಬರಾಕತ್ತೈತಿ" ಅಂದ್ಲು, ದೋಸ್ತರೆಲ್ಲ ನಕ್ಕರು. ಆದ್ರ ಆಕಿ ಹೇಳಿದ್ದು ನೂರಕ್ಕ ನೂರು ಬರೋಬರಿ, ದೊಣ್ಣಮೆಣಸಿನಕಾಯಾಗ ಇರೋ ಪೈರಜಿನ್ ಅನ್ನೋ ಅಂಶನ ಆ ದ್ರಾಕ್ಷ್ಯಾಗೂ ಇರ್ತದ. ಅವತ್ತಿಂದ ಮದಲ ಗ್ಲಾಸ್ ಆಕೀಗೇ ಮೂಸಾಕ ಕೊಡ್ತೇವಿ.

ಕೆಂಪು ವೈನಿನಾಗ ನನಗ ಹಿಡಿಸಿದ್ದು ನಂದಿಬೆಟ್ಟದ ಕಡೆ ಗ್ರೋವರ್ ಮನೆತನದವ್ರು 1988ರಾಗ ಶುರು ಮಾಡಿದ ಕಂಪನಿಯ ಲಾ ರಿಸರ್ವ್, ಕ್ಯಾಬರ್ನೆ ಮತ್ತ ಶಿರಾಜ್ ಅನ್ನೋ ಎರಡು ಜಾತಿ ದ್ರಾಕ್ಷಿ ಕೂಡಿಸಿ ಮಾಡಿದ್ದು. ಮದಲ ಕರಿ ಮೆಣಸಿನ ಘಾಟು, ಹಿಂದ ಕಟಗಿ ವಾಸನಿ, ಕಡೀಕ ಒಗರು, ಅರೆಹಣ್ಣು ನೇರಳೆ ತಿಂದಾಗ ನಾಲಿಗಿ ಹಿಡೀತದಲ್ಲ, ಹಂಗ. ಈ ಒಗರು ಬರೋದು ಸಿಪ್ಪಿ ಮತ್ತ ಬೀಜದಿಂದ. ಅದಕ್ಕ ವಿಜಾಪುರದಾಗ ಇಷ್ಟೊಂದ್ ದ್ರಾಕ್ಷಿ ಬೆಳದ್ರೂ ಹೆಚ್ಚಿನದೆಲ್ಲ ಒಣದ್ರಾಕ್ಷಿ ಆಗ್ತದ, ಥಾಮ್ಸನ್ ಜಾತೀಗೆ ಬೀಜಾನೂ ಇಲ್ಲ, ದಪ್ಪ ಸಿಪ್ಪೀನೂ ಇಲ್ಲ. ಸೊಲ್ಲಾಪುರ ಜಿಲ್ಲಾದ ಅಕಲೂಜದಾಗ ಫ್ರಾಟೆಲ್ಲಿ ಕಂಪನಿಯವ್ರು ಇಟಲಿಯ ಸಾಂಜೊವೇಸೆ ಅನ್ನೋ ಕೆಂಪು ವೈನಿನ ದ್ರಾಕ್ಷಿ ಬೆಳಸ್ತಾರ, ಅದರ ವೈನಿಗೆ ಹುಳಿ ಜಾಸ್ತಿ, ನಮ್ಮ ಎಣ್ಣಿಗಾಯಿಗೆ ಅದ ಚಲೋ ಜೋಡಿ. ಆದ್ರ ಎಣ್ಣಿಗಾಯಿಗೆ ಬ್ಯಾಡಗಿ ಮೆಣಸಿನಕಾಯಿನ ಹಾಕಿರಬೇಕ್ರಿ. ಬ್ಯಾಡಗಿ ಬಣ್ಣ ಕೊಡ್ತದ, ಖಾರ ಕಮ್ಮಿ. ಗುಂಟೂರು ಹಾಕಿದ್ರೋ, ಖಾರಾ ಒಗರು ಆಲ್ಕೋಹಾಲ್ ಮೂರೂ ಕೂಡಿ ಬಾಯಿ ಉರದ್ ಹೋಗ್ತದ, ವೈನು ಕಹಿ ಆಗ್ತದ.

ಈಗ ಅಂಗಡಿ ಮಾತು. ಹೋದ ಬ್ಯಾಸಗ್ಯಾಗ ಇಲ್ಲೇ ಒಂದ ಅಂಗಡ್ಯಾಗ ಇದ ಲಾ ರಿಸರ್ವ್ ತಗೊಂಡೆ, ಹೊರಗಿನ ಗಾಜಿನ ಕಪಾಟಿನಾಗ ಪಶ್ಚಿಮದ ಬಿಸಲಿಗೆ ನಿಲ್ಲಿಸಿಟ್ಟಿದ್ರು, ಬಾಟ್ಲಿ ಕೈಯಾಗ ಹಿಡದ್ರ ಬೆಚ್ಚಗ. ಮನಿಗೆ ತಂದು ತಗದ್ರ ಕಾರ್ಕ್ ಒಣಗಿ ಪುಡಿಪುಡಿ, ವೈನಿನ ಅಂಚು ಇಟ್ಟಂಗಿ ಬಣ್ಣಕ್ಕ ತಿರಗಿತ್ತು, ಮೆಣಸೂ ಇಲ್ಲ ಹಣ್ಣೂ ಇಲ್ಲ, ಕುದಿಸಿದ ಒಣದ್ರಾಕ್ಷಿ ನೀರಿನ ವಾಸನಿ. ಅಂಗಡ್ಯಾಂವನ ಕೇಳಿದ್ರ "ಸರ, ವೈನ್ ಎಷ್ಟ್ ಹಳೇದಾದ್ರ ಅಷ್ಟ ಚಲೋ" ಅಂತ ನನಗ ಪಾಠ ಹೇಳಿದ! ಎಲ್ಲಾ ವೈನಿಗೂ ಈ ಮಾತು ಹೊಂದಂಗಿಲ್ರೀ, ನಮ್ಮ ದೇಶದ ಬಿಳಿ ವೈನೆಲ್ಲ ಒಂದೆರಡು ವರ್ಷದಾಗ ಕುಡದ್ ಮುಗಸಾವ, ತಡದು ಇಡೋ ಕೆಂಪು ವೈನೂ ತಂಪು ಕತ್ತಲದಾಗ ಇಟ್ರಷ್ಟ ಸುಧಾರಸ್ತದ, ಕಾರ್ಕ್ ಇದ್ರ ಬಾಟ್ಲಿ ಮಲಗಿಸಿ ಇಡಬೇಕು, ಇಲ್ಲಾಂದ್ರ ಕಾರ್ಕ್ ಒಣಗಿ ಗಾಳಿ ಹೊಗತದ. ಹೋಟೆಲ್‌ನವರದೂ ಇದ ಕಥಿ. ಕೆಂಪು ವೈನ್ ರೂಮ್ ಟೆಂಪರೇಚರಿಗೆ ಕೊಡಬೇಕು ಅನ್ನೋದು ಚಳಿ ದೇಶದವ್ರು 16-18 ಡಿಗ್ರಿ ಲೆಕ್ಕದಾಗ ಹೇಳಿದ ಮಾತು, ನಮ್ಮ ಏಪ್ರಿಲ್ ತಿಂಗಳ ರೂಮ್ ಅಲ್ಲ. ಫ್ರಿಜ್ಜಿನಾಗ ಅರ್ಧಾ ತಾಸು ಇಟ್ಟು ಕೊಟ್ರ ಅವರ ಗಂಟೇನ್ ಹೋಗ್ತದ?

ಸರ್ಕಾರ 2007ರಾಗ ವೈನ್ ನೀತಿ ತಂತು, ವೈನ್ ಬೋರ್ಡೂ ಮಾಡ್ತು, ಬೆಳೆಗಾರರಿಗೆ ಅನುಕೂಲ ಆಗ್ಲಿ ಅಂತ. ಹಂಗಿದ್ರ ಬೋರ್ಡಿನವ್ರು ನಮ್ಮ ಊರಿನ ಅಂಗಡಿಯವ್ರನ್ನೂ ಒಂದ ದಿನ ಕರದು ಬಾಟ್ಲಿ ಹೆಂಗ ಇಡಬೇಕು ಅಂತ ತೋರಿಸ್ಲಿ. ಇನ್ನ ಕಂಪನಿಯವ್ರಿಗೆ ಒಂದ ಮಾತು, 375 ಎಂಎಲ್ ಸಣ್ಣ ಬಾಟ್ಲಿ ಈ ಕಡೆ ಹೆಚ್ಚು ಕಳಸ್ರಿ, ಮನ್ಯಾಗ ಇಬ್ರ ಇದ್ದವ್ರಿಗೆ 750 ಎಂಎಲ್ ತಗದ್ರ ಉಳದದ್ದು ಮೂರನೇ ದಿನಕ್ಕ ಹುಳಿ ಹಿಡೀತದ.

ಇಂತಿ,
ವಿದ್ಯಾನಗರದ ಒಬ್ಬ ಓದುಗ, ಹುಬ್ಬಳ್ಳಿ