ತೂಕ ಇಳಿಸುವ ಇಂಜೆಕ್ಷನ್‌ಗೆ ಫಾರಂ ತುಂಬಿದರೆ ಸಾಕೇ?

ಮಾನ್ಯ ಸಂಪಾದಕರೇ,

ಬೊಜ್ಜು ಇಳಿಸುವ ಇಂಜೆಕ್ಷನ್‌ಗಳನ್ನು ಆನ್‌ಲೈನ್ ವೈದ್ಯಕೀಯ ಸೇವೆಗಳ ಮೂಲಕ ಬರೆಸಿಕೊಳ್ಳುವುದು ಬೆಂಗಳೂರಿನಲ್ಲಿ ಈಗ ತೀರಾ ಸಾಮಾನ್ಯವಾಗಿಬಿಟ್ಟಿದೆ. ನಾನು ರಾಜಾಜಿನಗರದಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ಫಾರ್ಮಸಿಸ್ಟ್. ಇಂಥ ಚೀಟಿಗಳನ್ನು ಮೊಬೈಲ್ ಪರದೆಯ ಮೇಲೆ ತೋರಿಸಿ ಔಷಧ ಕೇಳುವವರನ್ನು ಮೇಲಿಂದ ಮೇಲೆ ನೋಡುತ್ತಿದ್ದೇನೆ. ಆನ್‌ಲೈನ್ ಮಾರಾಟ ನನ್ನಂಥ ಅಂಗಡಿಯವರ ಹೊಟ್ಟೆಪಾಡಿಗೆ ಪೈಪೋಟಿ ಒಡ್ಡಿರುವುದು ನಿಜ, ಹಾಗಾಗಿ ಓದುಗರು ನನ್ನ ಮಾತನ್ನು ತುಸು ಅನುಮಾನದಿಂದಲೇ ಓದಿದರೂ ಬೇಸರವಿಲ್ಲ. ವೈದ್ಯರು ರೋಗಿಯನ್ನು ನೋಡದೆ, ಮಾತನಾಡಿಸದೆ, ರೋಗಿಯೇ ತುಂಬಿದ ಫಾರಂ ಒಂದನ್ನು ನಂಬಿ ಬರೆದುಕೊಟ್ಟ ಚೀಟಿಗೆ ಔಷಧ ಕೊಡಬೇಕೇ, ಬೇಡವೇ ಎಂಬ ಪ್ರಶ್ನೆಗೆ ಸಂಬಂಧಪಟ್ಟ ಯಾರೂ ಸ್ಪಷ್ಟ ಉತ್ತರ ಕೊಡುತ್ತಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಇವು ಟಿವಿಯಲ್ಲಿ ಮಾರುವ ಪುಡಿ, ಕಷಾಯಗಳ ಸಾಲಿಗೆ ಸೇರಿದವಲ್ಲ. ನಿಜಕ್ಕೂ ಕೆಲಸ ಮಾಡುವ ಔಷಧಗಳು. ಈ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಅನ್ನು ವಾರಕ್ಕೊಮ್ಮೆ 2.4 ಮಿಲಿಗ್ರಾಂ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿದದ್ದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕಂಡುಬಂದಿದೆ. ಇಂಥದೇ ಇನ್ನೊಂದು ಔಷಧವಾದ ಟಿರ್ಜೆಪಟೈಡ್‌ನ ಫಲಿತಾಂಶ ಅದಕ್ಕಿಂತಲೂ ಹೆಚ್ಚು. ನಮ್ಮ ದೇಶಕ್ಕೆ ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿಯೂ, ತೂಕ ಇಳಿಸುವುದಕ್ಕೆಂದೇ ಇರುವ ಸೆಮಾಗ್ಲುಟೈಡ್ ವೆಗೋವಿ ಹೆಸರಿನಲ್ಲಿ ಅದೇ ವರ್ಷದ ಜೂನ್‌ನಲ್ಲಿಯೂ ಬಂದವು. ಆರಂಭದಲ್ಲಿ ಮೌಂಜಾರೊದ 2.5 ಮಿಲಿಗ್ರಾಂ ವಯಲ್ (ಔಷಧದ ಪುಟ್ಟ ಸೀಸೆ) ಒಂದಕ್ಕೆ 3,500 ರೂಪಾಯಿ, 5 ಮಿಲಿಗ್ರಾಂ ವಯಲ್‌ಗೆ 4,375 ರೂಪಾಯಿ ಬೆಲೆ ಇತ್ತು. ವಾರಕ್ಕೊಂದರಂತೆ ಲೆಕ್ಕ ಹಾಕಿದರೆ ತಿಂಗಳಿಗೆ ಹದಿನಾಲ್ಕರಿಂದ ಹದಿನೇಳೂವರೆ ಸಾವಿರ. ಆ ಬೆಲೆಯೇ ಒಂದು ಬೇಲಿಯಂತಿತ್ತು. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ಗೆ ಮುಗಿದು ದೇಶೀ ಕಂಪನಿಗಳ ಜೆನೆರಿಕ್‌ಗಳಿಗೆ (ಅದೇ ಔಷಧದ ಅಗ್ಗದ ರೂಪಗಳಿಗೆ) ದಾರಿಯಾದ ಮೇಲೆ ಬೇಲಿ ಕುಸಿಯತೊಡಗಿದೆ. ಬೆಲೆ ಇಳಿಯುವುದು ಒಳ್ಳೆಯದೇ. ಆದರೆ ಇಷ್ಟು ದಿನ ಬೆಲೆ ತಡೆಯುತ್ತಿದ್ದುದನ್ನು ಇನ್ನು ಮುಂದೆ ವೈದ್ಯರ ವಿವೇಚನೆಯೇ ತಡೆಯಬೇಕು, ಮತ್ತು ಆ ವಿವೇಚನೆಗೆ ಜಾಗವೇ ಇಲ್ಲದಂತೆ ಕೆಲವು ಸೇವೆಗಳು ವ್ಯವಸ್ಥೆ ಮಾಡಿಕೊಂಡಿವೆ.

ಆ ಚೀಟಿಗಳು ಹೇಗಿರುತ್ತವೆ ಎಂಬುದನ್ನು ಹೇಳುತ್ತೇನೆ. ಮೇಲೆ ಸೇವೆಯ ಬಣ್ಣದ ಲಾಂಛನ, ಕೆಳಗೆ ಸ್ಕ್ಯಾನ್ ಮಾಡಿ ಅಂಟಿಸಿದ ಸಹಿ, ನಡುವೆ ಎತ್ತರ, ತೂಕ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ). ತೂಕದ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ರೋಗಿ ತಿಳಿಸಿದಂತೆ’ ಎಂಬ ಒಕ್ಕಣೆ. ಬಿಪಿ ಎಷ್ಟಿತ್ತು ಎಂಬುದಿಲ್ಲ, ರಕ್ತ ಪರೀಕ್ಷೆಯ ಮಾತಿಲ್ಲ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಇರಬೇಕಾದಲ್ಲಿ ಒಂದು ಅಡ್ಡಗೆರೆ. ಇತ್ತೀಚೆಗೆ ಕಾಲೇಜು ಮುಗಿಸಿದ ವಯಸ್ಸಿನ ಹುಡುಗಿಯೊಬ್ಬಳು ಇಂಥದೊಂದು ಚೀಟಿ ತಂದಳು. ಅದರಲ್ಲಿ 84 ಕೆಜಿ ಎಂದಿತ್ತು. ಎದುರಿಗೆ ನಿಂತಿದ್ದ ಹುಡುಗಿ ಅರವತ್ತು ಇದ್ದರೆ ಹೆಚ್ಚು. “ಡಾಕ್ಟರು ಏನು ಹೇಳಿದರಮ್ಮಾ?” ಎಂದು ಕೇಳಿದೆ. “ಡಾಕ್ಟರ್ ಹತ್ರ ಮಾತಾಡಿಲ್ಲ ಅಂಕಲ್, ಫಾರಂ ಫಿಲ್ ಮಾಡಿದೆ, ಅರ್ಧ ಗಂಟೇಲಿ ಬಂತು” ಎಂದಳು. ಮುಂದಿನ ತಿಂಗಳು ಅಕ್ಕನ ಮದುವೆಯಂತೆ. ನಾನು ಕೊಡಲಿಲ್ಲ. ಆಕೆ ಸಿಟ್ಟಾಗಲೂ ಇಲ್ಲ, ಅಲ್ಲೇ ನಿಂತು ಬೇರೆ ಆ್ಯಪ್‌ನಲ್ಲಿ ಆರ್ಡರ್ ಮಾಡಿಕೊಂಡು ಹೋದಳು.

ಇನ್ನೊಂದು ಪ್ರಸಂಗ ಇದಕ್ಕಿಂತ ಗಂಭೀರ. ನಮ್ಮ ಅಂಗಡಿಯಲ್ಲಿಯೇ ತಿಂಗಳು ತಿಂಗಳು ಶುಗರ್ ಮಾತ್ರೆ ಕೊಳ್ಳುವ ಹಿರಿಯ ಮಹಿಳೆಯೊಬ್ಬರು, ಮಗ ಆನ್‌ಲೈನ್‌ನಲ್ಲಿ ಬರೆಸಿಕೊಟ್ಟ ಸೆಮಾಗ್ಲುಟೈಡ್ ಚೀಟಿ ಹಿಡಿದು ಬಂದರು. ಅವರು ಗ್ಲಿಮಿಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತು, ಚೀಟಿ ಬರೆದವರಿಗೆ ಗೊತ್ತಿರಲಿಲ್ಲ. ಸೆಮಾಗ್ಲುಟೈಡ್ ಒಂದೇ ಆದರೆ ಶುಗರ್ ವಿಪರೀತ ಇಳಿಯುವ ಸಂಭವ ಕಡಿಮೆ. ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ಜೊತೆ ಸೇರಿದಾಗ ಆ ಅಪಾಯ ಏರುತ್ತದೆ, ಹಳೆಯ ಔಷಧದ ಪ್ರಮಾಣ ತಗ್ಗಿಸಬೇಕಾಗಿ ಬರಬಹುದು. ಊಟವೇ ಅರ್ಧಕ್ಕಿಳಿದ ದಿನ ಹಳೆಯ ಮಾತ್ರೆಯನ್ನು ಹಾಗೆಯೇ ನುಂಗಿ, ಬಚ್ಚಲಲ್ಲಿ ತಲೆಸುತ್ತಿ ಬಿದ್ದರೆ ಆ ಮನೆಯವರು ಯಾರಿಗೆ ಫೋನ್ ಮಾಡಬೇಕು? ಚೀಟಿಯಲ್ಲಿದ್ದದ್ದು ಒಂದು ಗ್ರಾಹಕ ಸೇವಾ ಸಂಖ್ಯೆ ಮಾತ್ರ. ಅವರ ಹಳೆಯ ವೈದ್ಯರಿಗೆ ನಾನೇ ಕರೆ ಮಾಡಿ ವಿಷಯ ತಿಳಿಸಿದೆ. ಅವರು ತಾಯಿಯನ್ನೂ ಮಗನನ್ನೂ ಕ್ಲಿನಿಕ್‌ಗೆ ಕರೆಸಿಕೊಂಡರು. ಕೊನೆಗೆ ಆ ಔಷಧವನ್ನೇ ಅವರೂ ಬರೆದರು ಎಂಬುದನ್ನೂ ಹೇಳಬೇಕು, ಆದರೆ ಗ್ಲಿಮಿಪಿರೈಡ್ ಅರ್ಧ ಮಾಡಿ, ಕಣ್ಣಿನ ಪರೀಕ್ಷೆ ಮಾಡಿಸಿದ ಮೇಲೆ. ಶುಗರ್‌ನಿಂದ ಕಣ್ಣಿನ ಪರದೆ ಹಾಳಾಗಿರುವವರಲ್ಲಿ ಈ ಔಷಧ ಶುರುವಾದಾಗ ತೊಂದರೆ ಹೆಚ್ಚಾಗಬಹುದೆಂಬ ಎಚ್ಚರಿಕೆ ಇದೆ. ಫಾರಂನಲ್ಲಿ ಕಣ್ಣಿನ ಸುದ್ದಿಯೇ ಇರಲಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳು ಇನ್ನೂ ಇವೆ. ಮನೆತನದಲ್ಲಿ ಯಾರಿಗಾದರೂ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತವಾಗಿತ್ತೇ, ಪಿತ್ತಕೋಶದಲ್ಲಿ ಕಲ್ಲಿದೆಯೇ, ಮಗು ಬೇಕೆಂಬ ಯೋಚನೆ ಇದೆಯೇ (ಇದ್ದರೆ ಸೆಮಾಗ್ಲುಟೈಡ್ ಅನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು), ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾರೆಯೇ, ಹತ್ತಿರದಲ್ಲಿ ಯಾವುದಾದರೂ ಆಪರೇಷನ್ ಇದೆಯೇ. ಕೊನೆಯದನ್ನು ಬಹಳ ಮಂದಿ ಲಘುವಾಗಿ ತೆಗೆದುಕೊಳ್ಳುತ್ತಾರೆ. ಈ ಔಷಧಗಳು ಹೊಟ್ಟೆಯಲ್ಲಿನ ಆಹಾರ ಮುಂದಕ್ಕೆ ಹೋಗುವುದನ್ನು ನಿಧಾನ ಮಾಡುತ್ತವೆ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆ ಖಾಲಿಯಾಗಿರದೆ, ಅರಿವಳಿಕೆ ಕೊಟ್ಟಾಗ ಅಲ್ಲಿ ಉಳಿದ ಆಹಾರ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವ ಸಂಗತಿಯನ್ನು ಮನೆಯವರಿಂದಲೇ ಮುಚ್ಚಿಟ್ಟವರು ಆಸ್ಪತ್ರೆಯಲ್ಲಿ ಹೇಳುತ್ತಾರೆಂದು ನಂಬುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ, ಕೇಂದ್ರವು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಚೀಟಿಯಿಲ್ಲದೆ ಸಿಗುವಂಥ ಸಾಮಾನ್ಯ ಔಷಧಗಳನ್ನು ಬಿಟ್ಟರೆ, ಮೊದಲ ಸಲ ಸಂಪರ್ಕಿಸುವ ರೋಗಿಗೆ ವಿಡಿಯೊದಲ್ಲಿ ನೋಡಿಯೇ ಔಷಧ ಬರೆಯಬೇಕೆಂಬುದು ಅದರ ನಿಯಮ. ವೈದ್ಯರ ನೋಂದಣಿ ಸಂಖ್ಯೆ ಚೀಟಿಯ ಮೇಲಿರಬೇಕು. ರೋಗವೇನೆಂದು ಕನಿಷ್ಠ ತಾತ್ಕಾಲಿಕವಾಗಿಯಾದರೂ ನಿರ್ಧರಿಸದೆ ಔಷಧ ಬರೆದರೆ ಅದು ವೃತ್ತಿ ದುರ್ನಡತೆ ಎಂದು ಆ ಮಾರ್ಗಸೂಚಿ ನೇರವಾಗಿ ಹೇಳುತ್ತದೆ. ಕೃತಕ ಬುದ್ಧಿಮತ್ತೆಯ ವೇದಿಕೆಗಳು ತಾವೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ ಎಂಬುದೂ ಅದರಲ್ಲಿದೆ; ಅರ್ಧ ಗಂಟೆಯಲ್ಲಿ ಬಂದ ಚೀಟಿಯನ್ನು ಮನುಷ್ಯರೇ ಓದಿ ಬರೆದರೋ ಎಂಬುದನ್ನು ಕೌಂಟರಿನಲ್ಲಿ ನಿಂತ ನಾನು ತಿಳಿಯುವ ಉಪಾಯವಿಲ್ಲ. ಇತ್ತ ನಮ್ಮ ಕಡೆ 1945ರ ಔಷಧ ನಿಯಮಗಳ 65ನೇ ನಿಯಮದಂತೆ ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು, ವಿಳಾಸ, ಔಷಧದ ಪ್ರಮಾಣ ಎಲ್ಲ ಇರಬೇಕು, ಮತ್ತೆ ಕೊಡಬಹುದು ಎಂದು ಬರೆದಿಲ್ಲದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಆನ್‌ಲೈನ್ ಔಷಧ ಮಾರಾಟಕ್ಕೆಂದೇ 2018ರ ಆಗಸ್ಟ್‌ನಲ್ಲಿ ಹೊರಟ ಕರಡು ನಿಯಮಗಳು ಮಾತ್ರ ಇಷ್ಟು ವರ್ಷವಾದರೂ ಕರಡಾಗಿಯೇ ಉಳಿದಿವೆ.

ಬ್ರಿಟನ್ನಿನಲ್ಲಿಯೂ ಇದೇ ತೊಂದರೆ ಎದುರಾಗಿತ್ತು. ಅಲ್ಲಿನ ಫಾರ್ಮಸಿ ನಿಯಂತ್ರಣ ಮಂಡಳಿ 2025ರ ಫೆಬ್ರುವರಿಯಲ್ಲಿ ಆನ್‌ಲೈನ್ ಫಾರ್ಮಸಿಗಳಿಗೆ ಹೊಸ ಕಟ್ಟಳೆ ಮಾಡಿತು: ತೂಕ ಇಳಿಸುವ ಔಷಧಕ್ಕೆ ಪ್ರಶ್ನಾವಳಿಯೊಂದನ್ನೇ ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ, ರೋಗಿ ಹೇಳಿದ ಎತ್ತರ, ತೂಕವನ್ನು ವಿಡಿಯೊದಲ್ಲೋ, ಮುಖಾಮುಖಿಯಾಗಿಯೋ, ಅವರ ಮಾಮೂಲಿ ವೈದ್ಯರ ದಾಖಲೆಯಿಂದಲೋ ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳಬೇಕು. ಆನ್‌ಲೈನ್ ಸೇವೆಯನ್ನು ಅವರು ಮುಚ್ಚಿಸಲಿಲ್ಲ. ನನಗೆ ತೋರುವ ಮಟ್ಟಿಗೆ ನಮಗೂ ಬೇಕಾದದ್ದು ಅಷ್ಟೇ.

ಮುಚ್ಚಿಸುವುದು ನ್ಯಾಯವೂ ಅಲ್ಲ. ದಪ್ಪ ಇರುವವರು, ಅದರಲ್ಲೂ ಹೆಣ್ಣುಮಕ್ಕಳು, ಕ್ಲಿನಿಕ್‌ಗೆ ಮಂಡಿನೋವೆಂದು ಹೋದರೂ ಮುಟ್ಟು ತಪ್ಪಿದೆಯೆಂದು ಹೋದರೂ “ಬಾಯಿ ಕಟ್ಟಿ, ವಾಕಿಂಗ್ ಮಾಡಿ” ಎಂಬ ಒಂದೇ ಮಾತು ಕೇಳಿ ತಲೆ ತಗ್ಗಿಸಿ ಬಂದವರು. ವೈಟ್‌ಫೀಲ್ಡಿನಲ್ಲಿ ಕೆಲಸ ಮುಗಿಸಿ ಟ್ರಾಫಿಕ್‌ನಲ್ಲಿ ಬೆಂದು ಮನೆ ಸೇರುವವರಿಗೆ ಹಾರ್ಮೋನ್ ತಜ್ಞರನ್ನು ಕಾಣಲು ಅರ್ಧ ದಿನ ರಜೆ ಹಾಕಬೇಕು. ಮನೆಯಲ್ಲಿ ಕುಳಿತು ವಿಡಿಯೊದಲ್ಲಿ ವೈದ್ಯರೊಡನೆ ಮಾತನಾಡುವುದು ಇವರಿಗೆ ದೊಡ್ಡ ಉಪಕಾರ. ವೈದ್ಯರು ಚೆನ್ನಾಗಿ ವಿಚಾರಿಸಿ, ಲ್ಯಾಬ್ ವರದಿ ತರಿಸಿಕೊಂಡು ನೋಡಿ ಬರೆದ ಆನ್‌ಲೈನ್ ಚೀಟಿಗಳೂ ನನ್ನ ಅಂಗಡಿಗೆ ಬರುತ್ತವೆ. ಅವುಗಳಿಗೆ ಮರುಮಾತಿಲ್ಲದೆ ಔಷಧ ಕೊಡುತ್ತೇನೆ.

ಬರೆದುಕೊಟ್ಟಲ್ಲಿಗೆ ವೈದ್ಯರ ಕೆಲಸ ಮುಗಿಯುವ ಔಷಧವೂ ಇದಲ್ಲ. ವೆಗೋವಿಯನ್ನು 0.25 ಮಿಲಿಗ್ರಾಂನಿಂದ ಶುರುಮಾಡಿ ನಾಲ್ಕು ವಾರಕ್ಕೊಮ್ಮೆ ಹಂತಹಂತವಾಗಿ ಏರಿಸಬೇಕು. ವಾಂತಿ, ಮಲಬದ್ಧತೆ ಹೆಚ್ಚಾದರೆ ಏರಿಸದೆ ಕಾಯಬೇಕು. ಕಾಯಬೇಕೆಂದು ಹೇಳುವವರು ಯಾರು? ಚಂದಾ ಕಟ್ಟಿದ ಸೇವೆಗಳಲ್ಲಿ ಮುಂದಿನ ತಿಂಗಳ ಹೆಚ್ಚಿನ ಡೋಸ್ ತಾನಾಗಿಯೇ ಮನೆಗೆ ಬಂದುಬಿಡುತ್ತದೆ. ಹಣ ಉಳಿಸಲು ಮೌಂಜಾರೊದ ಹೆಚ್ಚು ಶಕ್ತಿಯ ವಯಲ್ ಕೊಂಡು ಇನ್ಸುಲಿನ್ ಸಿರಿಂಜ್‌ನಲ್ಲಿ ಎರಡು ವಾರಕ್ಕೆ ಹಂಚಿಕೊಳ್ಳಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಆ ವಯಲ್ ಒಂದೇ ಸಲಕ್ಕೆಂದು ಮಾಡಿದ್ದು, ಕೆಡದಂತೆ ತಡೆಯುವ ರಾಸಾಯನಿಕ ಅದರಲ್ಲಿಲ್ಲ. ತೆರೆದದ್ದನ್ನು ಫ್ರಿಜ್‌ನಲ್ಲಿಟ್ಟು ಮತ್ತೆ ಚುಚ್ಚಿಕೊಳ್ಳುವುದು ಸೋಂಕಿಗೆ ಆಹ್ವಾನ. ಅಳತೆಯ ಗೊಂದಲ ಬೇರೆ. ಅಮೆರಿಕದಲ್ಲಿ ಫಾರ್ಮಸಿಗಳೇ ಬೆರೆಸಿ ಕೊಡುತ್ತಿದ್ದ ಸೆಮಾಗ್ಲುಟೈಡ್ ವಯಲ್‌ಗಳಿಂದ ಜನ ಮಿಲಿಲೀಟರ್, ಯೂನಿಟ್‌ಗಳ ವ್ಯತ್ಯಾಸ ತಿಳಿಯದೆ ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ಔಷಧ ಎಳೆದುಕೊಂಡು ಆಸ್ಪತ್ರೆ ಸೇರಿದ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಜುಲೈನಲ್ಲಿ ಎಚ್ಚರಿಸಿತ್ತು. ಇನ್ನು ಔಷಧ ಬಿಟ್ಟ ಮೇಲಿನ ಕಥೆ: ಮೇಲೆ ಹೇಳಿದ 2021ರ ಪ್ರಯೋಗದಲ್ಲಿ ಭಾಗವಹಿಸಿದವರನ್ನು ಗಮನಿಸಿದಾಗ, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತ್ತು. ಅಕ್ಕನ ಮದುವೆಗೆಂದು ಒಂದು ತಿಂಗಳು ಚುಚ್ಚಿಕೊಳ್ಳಲು ಹೊರಟವರಿಗೆ ಇದನ್ನು ಕೂರಿಸಿ ಹೇಳುವವರು ಬೇಕು.

ಸಾಗಾಟದ ವಿಷಯ ಚಿಕ್ಕದಾದರೂ ಹೇಳಬೇಕು. ಇವು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ ಔಷಧಗಳು. ಏಪ್ರಿಲ್ ಬಿಸಿಲಿನಲ್ಲಿ ಡೆಲಿವರಿ ಹುಡುಗ ತಂದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೊಠಡಿಯ ಮೇಜಿನ ಮೇಲಿಟ್ಟು ಹೋದ ಡಬ್ಬಿ ಸಂಜೆವರೆಗೆ ಅಲ್ಲೇ ಇದ್ದು, ಒಳಗಿನ ಐಸ್ ಪ್ಯಾಕ್ ನೀರಾಗಿರುವುದನ್ನು ತಂದು ತೋರಿಸಿ “ಇದು ಹಾಳಾಯ್ತಾ?” ಎಂದು ನಮ್ಮನ್ನು ಕೇಳುತ್ತಾರೆ. ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿತ್ತು ಎಂದು ತಿಳಿಯದೆ ನಾವು ಏನು ಹೇಳಲಿ?

ಈ ಎಲ್ಲದರ ಬೇರು ಹಣದಲ್ಲಿದೆ. ವೈದ್ಯರ ಸಲಹೆ ಉಚಿತ, ಔಷಧಕ್ಕೆ ಮಾತ್ರ ದುಡ್ಡು ಎಂದಾಗ, ಬೇಡವೆಂದು ಹೇಳಿದ ವೈದ್ಯರಿಂದ ಆ ಸೇವೆಗೆ ನಷ್ಟವೇ. ವೈದ್ಯರು ಔಷಧದ ಅಂಗಡಿ ನಡೆಸಬಾರದು, ಕಮಿಷನ್ ಪಡೆಯಬಾರದು ಎಂದು 2002ರ ವೈದ್ಯಕೀಯ ವೃತ್ತಿ ಸಂಹಿತೆಯಲ್ಲಿದೆ. ಬೊಜ್ಜನ್ನು ವಾಸಿಮಾಡುವುದಾಗಿ ಔಷಧಗಳ ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸಿದೆ. ಅದರ ಅನುಸೂಚಿಯಲ್ಲಿ ಬೊಜ್ಜಿನ ಹೆಸರೇ ಇದೆ. ಹಾಗಿದ್ದರೂ ಔಷಧದ ಹೆಸರೆತ್ತದೆ, ಟೇಪು ಸುತ್ತಿದ ಸೊಂಟವನ್ನೂ ಪೆನ್ನಿನಾಕಾರದ ಇಂಜೆಕ್ಷನ್‌ನ ನೆರಳನ್ನೂ ತೋರಿಸುವ ಜಾಹೀರಾತುಗಳು ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿವೆ.

ಆದ್ದರಿಂದ ಕರ್ನಾಟಕ ವೈದ್ಯಕೀಯ ಪರಿಷತ್ತು ಮತ್ತು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಸೇರಿ ಒಂದು ಸುತ್ತೋಲೆ ಹೊರಡಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ತೂಕ ಇಳಿಸುವ ಔಷಧದ ಮೊದಲ ಚೀಟಿಯಲ್ಲಿ ವಿಡಿಯೊ ಸಮಾಲೋಚನೆ ನಡೆದ ದಿನಾಂಕ, ತೂಕವನ್ನು ಹೇಗೆ ಖಚಿತಪಡಿಸಿಕೊಳ್ಳಲಾಯಿತು ಎಂಬ ಟಿಪ್ಪಣಿ, ಈಗಿನ ಔಷಧಗಳ ಪಟ್ಟಿ ಹಾಗೂ ರೋಗಿ ನೇರವಾಗಿ ಸಂಪರ್ಕಿಸಬಹುದಾದ ವೈದ್ಯರ ವಿವರ ಇರಲೇಬೇಕೆಂದು ಅದರಲ್ಲಿ ಹೇಳಲಿ. ಡೋಸ್ ಏರಿಸುವ ಪ್ರತಿ ಸಲವೂ ಹೊಸ ಚೀಟಿ ಬೇಕೆಂದಾಗಲಿ. ಇವಿಲ್ಲದ ಚೀಟಿಗೆ ಔಷಧ ನಿರಾಕರಿಸಿದ ಫಾರ್ಮಸಿಸ್ಟ್ ಅದನ್ನು ಯಾರಿಗೆ ವರದಿ ಮಾಡಬೇಕೆಂಬುದನ್ನೂ ತಿಳಿಸಲಿ. ಈಗ ನಾನು ಇಲ್ಲವೆಂದದ್ದನ್ನು ಗ್ರಾಹಕರು ಇನ್ನೊಂದು ಕಡೆಯಿಂದ ಹತ್ತು ನಿಮಿಷದಲ್ಲಿ ತರಿಸಿಕೊಳ್ಳುತ್ತಾರೆ, ಮತ್ತು ಆ ಇನ್ನೊಂದು ಕಡೆಗೂ ಈ ಸುತ್ತೋಲೆ ಅಷ್ಟೇ ಬಿಗಿಯಾಗಿ ಅನ್ವಯಿಸದಿದ್ದರೆ ಅದನ್ನು ಹೊರಡಿಸಿ ಉಪಯೋಗವಿಲ್ಲ.

ಇಂತಿ,
ಒಬ್ಬ ನೋಂದಾಯಿತ ಫಾರ್ಮಸಿಸ್ಟ್,
ರಾಜಾಜಿನಗರ, ಬೆಂಗಳೂರು