ನಾಲ್ಕು ಹನಿ ರಕ್ತ ಕೇಳಿದ ಅಕ್ಕನವರಿಗೆ

ಗದಗದಲ್ಲಿ ಮಗಳು ಹುಟ್ಟಿ ಮೂರನೇ ದಿನ. ಡಿಸ್ಚಾರ್ಜ್ ಆಗಿತ್ತು, ಹೊರಗೆ ಆಟೋ ನಿಂತಿತ್ತು. ನೀವು ಓಡಿ ಬಂದು, "ಅಣ್ಣಾರ, ಹತ್ತು ನಿಮಿಷ ಕುಂದರ್ರಿ, ಕೂಸಿನ ಹಿಮ್ಮಡಿಯಿಂದ ನಾಕು ಹನಿ ರಕ್ತ ತಗೋತೀನಿ" ಅಂದಿರಿ. ಗಟ್ಟಿಮುಟ್ಟಾಗಿರುವ ಕೂಸಿಗೆ ಸುಮ್ನೆ ಯಾಕೆ ಚುಚ್ಚೋದು ಅಂತ ನಾನು ರೇಗಿದೆ. ನಮ್ಮವ್ವ ನನಗಿಂತ ಜಾಸ್ತಿ.

ನೀವು ರೇಗಲಿಲ್ಲ. "ನಿಮ್ಮದು ಸೋದರಮಾವನ ಮಗಳ ಜೋಡಿ ಮದುವಿ, ಹೌದಲ್ರಿ?" ಅಂತ ಮೆಲ್ಲಗೆ ಕೇಳಿದಿರಿ. ಫಿಲ್ಟರ್ ಕಾಗದದ ದುಂಡು ಗುರುತುಗಳಿಗೆ ರಕ್ತ ತುಂಬಿ, ನೆರಳಲ್ಲಿ ಒಣಗಲು ಇಟ್ಟಿರಿ.

ವರದಿಯಲ್ಲಿ ಬಂದದ್ದು ಬಯೋಟಿನಿಡೇಸ್ ಕೊರತೆ. ಬಯೋಟಿನ್ ಎಂಬ ವಿಟಮಿನ್ನನ್ನು ದೇಹ ಮತ್ತೆ ಮತ್ತೆ ಬಳಸಿಕೊಳ್ಳಲು ಬೇಕಾದ ಕಿಣ್ವ ಕಡಿಮೆ. ಅಪ್ಪ, ಅವ್ವ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಹೀಗಾಗುತ್ತದೆ; ಸಂಬಂಧದಲ್ಲೇ ಮದುವೆಯಾದರೆ ಆ ಸಾಧ್ಯತೆ ಜಾಸ್ತಿ, ಅದಕ್ಕೇ ನೀವು ಹಾಗೆ ಕೇಳಿದ್ದು. ಗೊತ್ತಾಗದೇ ಹೋಗಿದ್ದರೆ ಫಿಟ್ಸ್ ಬರಬಹುದಿತ್ತು, ಕಿವಿ ಹೋಗಬಹುದಿತ್ತು. ಔಷಧಿ? ದಿನಾ ಬಯೋಟಿನ್, ಜೀವನಪೂರ್ತಿ. ಕೂದಲು ಉದುರಬಾರದು ಅಂತ ಜನ ನುಂಗುತ್ತಾರಲ್ಲ, ಅದೇ! ಹಸಿ ಮೊಟ್ಟೆ ಮಾತ್ರ ಬೇಡ, ಅದು ಬಯೋಟಿನ್ ಮೈಗೆ ಹತ್ತದಂತೆ ಮಾಡುತ್ತದೆ.

ಮಗಳಿಗೀಗ ಎರಡು ವರ್ಷ. ತೋಂಟದಾರ್ಯ ಜಾತ್ರೆಯಲ್ಲಿ ಪೀಪಿ ಸದ್ದಿಗೆ ಸರಕ್ಕನೆ ತಿರುಗಿದಳು. ನನಗೆ ನಿಮ್ಮದೇ ನೆನಪು. ಆಸ್ಪತ್ರೆಗೆ ಹೋಗಿ ಕೇಳಿದರೆ ನೀವು ಕೆಲಸ ಬಿಟ್ಟಿದ್ದೀರಂತೆ. ಅವತ್ತು ರೇಗಿದ್ದು ತಪ್ಪಾಯ್ತು, ಅಕ್ಕಾರ. ಮಗಳ ಕೈಯಿಂದ ಒಂದು ಪೇಡೆ ತಿನ್ನಿಸಬೇಕಿತ್ತು.