ಅರ್ಥಪಟ್ಟಿ ಬಾಯಿಪಾಠ ಮಾಡಿದರೆ ತತ್ವಶಾಸ್ತ್ರ ಬಂದೀತೇ?

ಮಾನ್ಯ ಸಂಪಾದಕರೇ,

ಪದವಿ ಪರೀಕ್ಷೆ ಹತ್ತಿರ ಬಂತೆಂದರೆ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಎರಡು ಬಗೆಯ ನೋಟ್ಸ್‌ಗೆ ಎಲ್ಲಿಲ್ಲದ ಬೇಡಿಕೆ. ಒಂದು, ಸಾವಿರ ಇಂಗ್ಲಿಷ್ ಪದಗಳಿಗೆ ಕನ್ನಡ ಅರ್ಥ ಕೊಡುವ ಪಟ್ಟಿ. ಇನ್ನೊಂದು, ತತ್ವಶಾಸ್ತ್ರ ಪರಿಚಯದ ಪ್ರಶ್ನೋತ್ತರ. ಇವೇ ಪಿಡಿಎಫ್ ಆಗಿ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತವೆ. 2013ರಿಂದ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ 250 ಅಂಕಗಳ ನೀತಿಶಾಸ್ತ್ರ ಪತ್ರಿಕೆ ಬಂದ ಮೇಲೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರೂ ಇವನ್ನು ಕೊಳ್ಳುತ್ತಿದ್ದಾರೆ. ಇಂಗ್ಲಿಷ್ ಮತ್ತು ತತ್ವಶಾಸ್ತ್ರ ಕಲಿಸುವ ನಮಗೆ ಈ ನೋಟ್ಸ್‌ಗಳ ಬಗ್ಗೆ ಒಂದಿಷ್ಟು ಖಚಿತವಾಗಿ ಹೇಳುವುದಿದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪದ ಮತ್ತು ತತ್ವಶಾಸ್ತ್ರ ಎರಡು ಬೇರೆ ಕಷ್ಟಗಳಾಗಿ ಕಾಣುತ್ತವೆ. ಉತ್ತರ ಪತ್ರಿಕೆ ನೋಡಿದರೆ ಎರಡೂ ಒಂದೇ. ಗೊತ್ತಿಲ್ಲದ ಪದವನ್ನು ವಿದ್ಯಾರ್ಥಿ ನಿಘಂಟಿನಲ್ಲಿ ಹುಡುಕುತ್ತಾನೆ. ಗೊತ್ತಿದೆ ಎಂದುಕೊಂಡ ಪದವನ್ನು ಹುಡುಕುವುದೇ ಇಲ್ಲ. ಎಡವುವುದು ಅಲ್ಲಿಯೇ. ‘ಆರ್ಗ್ಯುಮೆಂಟ್’ ಎಂದರೆ ಜಗಳ ಎಂದು ಪಟ್ಟಿಯಲ್ಲಿದೆ. ತರ್ಕದಲ್ಲಿ ಅದು ಆಧಾರವಾಕ್ಯಗಳು ಮತ್ತು ಅವುಗಳಿಂದ ಹೊರಡುವ ಫಲಿತವಾಕ್ಯ ಸೇರಿದ ಒಂದು ಘಟಕ. ಇಬ್ಬರು ಬೇಕಾಗಿಲ್ಲ, ದನಿ ಏರಿಸಬೇಕಾಗಿಯೂ ಇಲ್ಲ. ‘ಪ್ರಿಮೈಸಸ್’ ಪಟ್ಟಿಯಲ್ಲಿ ಕಟ್ಟಡದ ಆವರಣ, ತರ್ಕದಲ್ಲಿ ಆಧಾರವಾಕ್ಯಗಳು. ಅರಿಸ್ಟಾಟಲ್‌ನಲ್ಲಿ ‘ಆ್ಯಕ್ಸಿಡೆಂಟ್’ ಅಪಘಾತವಲ್ಲ. ವಸ್ತುವಿಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವಂಥ ಆಗಂತುಕ ಗುಣ. ‘ಐಡಿಯಲಿಸಂ’ಗೆ ಆದರ್ಶವಾದ ಎಂದಷ್ಟೇ ಬರೆದುಕೊಂಡವರು ಐರಿಷ್ ತತ್ವಜ್ಞಾನಿ ಬರ್ಕ್ಲಿಯ ಮೇಲಿನ ಪ್ರಶ್ನೆಗೆ ಉನ್ನತ ಧ್ಯೇಯಗಳ ಪ್ರಬಂಧ ಬರೆದು ಬರುತ್ತಾರೆ. ಬರ್ಕ್ಲಿ ಹೇಳಿದ್ದು ಬೇರೆಯೇ: ಮನಸ್ಸಿನ ಹೊರಗೆ ಜಡವಸ್ತು ಎಂಬುದು ಇಲ್ಲ, ಗ್ರಹಿಕೆಗೆ ಸಿಗುವುದೇ ವಸ್ತುವಿನ ಇರವು.

ಹಾಗಾದರೆ ಯಾವ ಪದಗಳನ್ನು ಕಲಿಯಬೇಕು? ಮಾರಾಟದ ಪಟ್ಟಿಗಳು ಅಪರೂಪದ, ನಾಲಿಗೆ ಹೊರಳದ ಪದಗಳನ್ನೇ ಆರಿಸುತ್ತವೆ, ಏಕೆಂದರೆ ಕೊಳ್ಳುವವನಿಗೆ ಅವು ತೂಕದ ಪದಗಳಾಗಿ ಕಾಣುತ್ತವೆ. ನ್ಯೂಜಿಲೆಂಡ್‌ನ ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇರುವುದು 570 ಪದಕುಟುಂಬಗಳು (ಒಂದೇ ಮೂಲಪದದ ಬೇರೆ ಬೇರೆ ರೂಪಗಳ ಗುಂಪುಗಳು) ಮಾತ್ರ. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ವಿಷಯಗಳ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಎಣಿಸಿ, ತೀರ ಸಾಮಾನ್ಯವಾದ ಎರಡು ಸಾವಿರ ಪದಗಳನ್ನು ಬಿಟ್ಟು ತೆಗೆದದ್ದು ಅದು. ಪಠ್ಯಪುಸ್ತಕದ ಗದ್ಯದಲ್ಲಿ ಹತ್ತರಲ್ಲಿ ಸುಮಾರು ಒಂದು ಪದ ಈ ಗುಂಪಿನದು. ಅಸ್ಯೂಮ್, ಡಿರೈವ್, ಕಾನ್ಸೆಪ್ಟ್, ಇಂಪ್ಲೈ, ಇನ್ಫರ್, ಡಿಡ್ಯೂಸ್, ವ್ಯಾಲಿಡ್, ಹೈಪಾಥಿಸಿಸ್, ಕಾಂಟ್ರಡಿಕ್ಟ್ ಎಲ್ಲವೂ ಅಲ್ಲಿವೆ. ತತ್ವಶಾಸ್ತ್ರದ ಮೊದಲ ಸೆಮಿಸ್ಟರಿಗೆ ಬೇಕಾದ ಬಹುಪಾಲು ಸಾಮಾನು ಇದೇ. ಇದನ್ನು ಬಿಟ್ಟು ಯಾರೂ ಬಳಸದ ಹದಿನೈದು ಅಕ್ಷರದ ಪದವೊಂದನ್ನು ಕಲಿಯುವುದು ಶುದ್ಧ ದಂಡ.

ಇವುಗಳಲ್ಲಿ ಇಂಪ್ಲೈ, ಇನ್ಫರ್ ಎರಡಕ್ಕೂ ಪಟ್ಟಿಯಲ್ಲಿ ‘ಸೂಚಿಸು, ಊಹಿಸು’ ಎಂದು ಬೆರಕೆ ಅರ್ಥ ಇರುತ್ತದೆ. ಮೊದಲನೆಯದು ವಾಕ್ಯದ ಕೆಲಸ, ಎರಡನೆಯದು ಮನುಷ್ಯನ ಕೆಲಸ. ಆಧಾರವಾಕ್ಯ ಒಂದು ತೀರ್ಮಾನವನ್ನು ಇಂಪ್ಲೈ ಮಾಡುತ್ತದೆ. ಓದುಗ ಅದನ್ನು ಇನ್ಫರ್ ಮಾಡುತ್ತಾನೆ. ಯಾರೂ ಇನ್ಫರ್ ಮಾಡದೆ ಇದ್ದರೂ ವಾಕ್ಯ ಇಂಪ್ಲೈ ಮಾಡುತ್ತಲೇ ಇರುತ್ತದೆ.

ಪಟ್ಟಿಗಳು ಮುಟ್ಟಿಯೂ ನೋಡದ ಚಿಕ್ಕ ಪದಗಳ ಮಾತು ಇನ್ನೂ ಮುಖ್ಯ. ಇಫ್, ಓನ್ಲಿ ಇಫ್, ಅನ್‌ಲೆಸ್ ಇವು ಯಾರಿಗೂ ಕಷ್ಟದ ಪದಗಳೆನಿಸುವುದಿಲ್ಲ, ಆದರೆ ತರ್ಕವೆಲ್ಲ ನಿಂತಿರುವುದು ಇವುಗಳ ಮೇಲೆ. ಕನ್ನಡದಲ್ಲೇ ಹೇಳಿಕೊಟ್ಟರೆ ಇದು ತಕ್ಷಣ ತಲೆಗೆ ಹತ್ತುತ್ತದೆ. ‘ಓದಿದರೆ ಪಾಸಾಗುತ್ತೀಯ’ ಎಂದರೆ ಓದು ಸಾಕು, ಬೇರೆ ದಾರಿಯೂ ಇರಬಹುದು. ‘ಓದಿದರೆ ಮಾತ್ರ ಪಾಸಾಗುತ್ತೀಯ’ ಎಂದರೆ ಓದು ಬೇಕೇ ಬೇಕು, ಆದರೆ ಅದರಿಂದಲೇ ಪಾಸಾಗುತ್ತಾನೆಂಬ ಭರವಸೆ ಇಲ್ಲ. ‘ಮಾತ್ರ’ ಎಂಬ ಒಂದು ಪದ ಬಂದೊಡನೆ ಷರತ್ತಿನಿಂದ ಫಲಕ್ಕೆ ಹೋಗುವ ಬಾಣದ ದಿಕ್ಕು ತಿರುಗಿಹೋಯಿತು. ನೋಟ್ಸ್‌ನಲ್ಲಿ ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಬರೆದುಕೊಂಡವರಿಗೆ ಸಾಕಾಗುವ ಷರತ್ತು, ಅಗತ್ಯ ಷರತ್ತು ಎಂಬ ಪಾಠವನ್ನು ಬೇರೆಯಾಗಿ ಉರುಹೊಡೆಯಬೇಕಾಗಿಲ್ಲ.

ಇದೇ ದಿಕ್ಕಿನ ಮಾತನ್ನು ನಮ್ಮ ನ್ಯಾಯದರ್ಶನ, ಅಂದರೆ ಭಾರತೀಯ ತರ್ಕದ ಪರಂಪರೆ, ಹೊಗೆ ಮತ್ತು ಬೆಂಕಿಯಿಂದ ಹೇಳಿತು. ಪರ್ವತದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಹೊಗೆ ಇರುವುದರಿಂದ, ಇದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಂತೆ, ಇದು ಉದಾಹರಣೆ. ಈ ಪರ್ವತದಲ್ಲೂ ಅಂಥ ಹೊಗೆ ಇದೆ, ಉಪನಯ. ಆದ್ದರಿಂದ ಬೆಂಕಿ ಇದೆ, ನಿಗಮನ. ಹೊಗೆ ಇದ್ದಲ್ಲಿ ಬೆಂಕಿ ಎಂಬ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ತಿರುಗಿಸಿದರೆ ನಿಲ್ಲುವುದಿಲ್ಲ: ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಸೇರಬೇಕು. ಆ ಹೆಚ್ಚುವರಿ ಷರತ್ತಿಗೆ ಉಪಾಧಿ ಎಂದು ಹೆಸರು. ‘ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ಅಂಗಳ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ’ ಎಂಬ ತಪ್ಪು ವಾದವನ್ನು ಪಾಶ್ಚಾತ್ಯ ತರ್ಕದ ಪಾಠದಲ್ಲಿ ಓದುವಾಗ ಈ ಕಬ್ಬಿಣದ ಗುಂಡು ನೆನಪಾಗಬೇಕು. ನೀರು ಚಿಮುಕಿಸಿ ರಂಗೋಲಿ ಹಾಕಿದ್ದರೂ ಅಂಗಳ ಒದ್ದೆಯೇ. ಗೈಡುಗಳು ಭಾರತೀಯ ಭಾಗವನ್ನು ಒಂದು ಕಡೆ, ಪಾಶ್ಚಾತ್ಯ ಭಾಗವನ್ನು ಇನ್ನೊಂದು ಕಡೆ ಕಟ್ಟಿಹಾಕಿ ಈ ಸಂಬಂಧವನ್ನೇ ಕಳೆಯುತ್ತವೆ. ಇನ್ನೊಂದು ಗೊಂದಲವನ್ನೂ ಅವು ಹಾಗೆಯೇ ಬಿಟ್ಟಿವೆ. ಪಿಯುಸಿಯಲ್ಲಿ ತರ್ಕಶಾಸ್ತ್ರ ಓದಿದವರಿಗೆ ನಿಗಮನ ಎಂದರೆ ಡಿಡಕ್ಷನ್. ನ್ಯಾಯದರ್ಶನದಲ್ಲಿ ಅದು ಐದನೆಯ ಅವಯವ, ಅಂದರೆ ವಾದದ ಕೊನೆಯ ಹಂತ. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡದಿದ್ದರೆ ಪರೀಕ್ಷೆಯಲ್ಲಿ ಕಲಸಿಹೋಗುವುದು ಖಂಡಿತ.

ಈಗ ಗೈಡುಗಳ ನೇರ ತಪ್ಪುಗಳಿಗೆ ಬರೋಣ. ‘ಡಿಡಕ್ಷನ್ ಸಾಮಾನ್ಯದಿಂದ ವಿಶೇಷಕ್ಕೆ, ಇಂಡಕ್ಷನ್ ವಿಶೇಷದಿಂದ ಸಾಮಾನ್ಯಕ್ಕೆ’ ಎಂಬ ವಾಕ್ಯ ಎಲ್ಲ ಕಡೆ ಇದೆ. ‘ಈವರೆಗೆ ಕಂಡ ಹಂಸಗಳೆಲ್ಲ ಬಿಳಿ, ಆದ್ದರಿಂದ ಮುಂದೆ ಕಾಣುವ ಹಂಸವೂ ಬಿಳಿ’ ಎನ್ನುವುದರ ತೀರ್ಮಾನ ಒಂದೇ ಹಂಸದ ಬಗ್ಗೆ, ಆದರೂ ಅದು ಇಂಡಕ್ಷನ್. ವ್ಯತ್ಯಾಸ ಇರುವುದು ಭರವಸೆಯಲ್ಲಿ. ಡಿಡಕ್ಷನ್‌ನಲ್ಲಿ ಆಧಾರಗಳು ಸತ್ಯವಾಗಿದ್ದರೆ ತೀರ್ಮಾನ ಸುಳ್ಳಾಗಲು ಸಾಧ್ಯವೇ ಇಲ್ಲ, ಇಂಡಕ್ಷನ್‌ನಲ್ಲಿ ಸಾಧ್ಯವಿದೆ. 1697ರಲ್ಲಿ ಡಚ್ ನಾವಿಕರು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಪ್ಪು ಹಂಸ ಕಂಡಾಗ ಯೂರೋಪಿನ ನಂಬಿಕೆ ಮುರಿದದ್ದು ಹೀಗೆಯೇ.

‘ವ್ಯಾಲಿಡ್’ ಎಂದರೆ ಸತ್ಯ ಎಂಬುದು ಇನ್ನೊಂದು. ‘ಎಲ್ಲ ಹಾವುಗಳಿಗೂ ರೆಕ್ಕೆ ಇದೆ, ನಾಗರ ಒಂದು ಹಾವು, ಆದ್ದರಿಂದ ನಾಗರಕ್ಕೆ ರೆಕ್ಕೆ ಇದೆ.’ ಈ ವಾದ ವ್ಯಾಲಿಡ್, ಏಕೆಂದರೆ ಆಧಾರಗಳನ್ನು ಒಪ್ಪಿದರೆ ತೀರ್ಮಾನವನ್ನು ಒಪ್ಪದೆ ಗತಿಯಿಲ್ಲ. ಆಧಾರವೊಂದು ಸುಳ್ಳಾದ್ದರಿಂದ ‘ಸೌಂಡ್’ (ವ್ಯಾಲಿಡ್ ಆಗಿದ್ದು ಆಧಾರಗಳೂ ಸತ್ಯವಾಗಿರುವ ವಾದ) ಅಲ್ಲ. ಸತ್ಯ, ಸುಳ್ಳು ವಾಕ್ಯಕ್ಕೆ; ವ್ಯಾಲಿಡ್, ಇನ್‌ವ್ಯಾಲಿಡ್ ವಾದಕ್ಕೆ.

ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಬಂದಾಗ ಗೈಡುಗಳ ಅವಸರ ಎದ್ದು ಕಾಣುತ್ತದೆ. ‘ಕೊಗಿಟೊ ಎರ್ಗೊ ಸುಮ್’ (ನಾನು ಯೋಚಿಸುತ್ತೇನೆ, ಆದ್ದರಿಂದ ನಾನಿದ್ದೇನೆ) ಎಂಬ ಲ್ಯಾಟಿನ್ ವಾಕ್ಯ ‘ಮೆಡಿಟೇಷನ್ಸ್’ ಕೃತಿಯದು ಎಂದು ಅವು ಹೇಳುತ್ತವೆ. 1637ರ ‘ಡಿಸ್ಕೋರ್ಸ್’ನಲ್ಲಿ ಆ ಮಾತು ಫ್ರೆಂಚ್‌ನಲ್ಲಿದೆ. 1641ರ ‘ಮೆಡಿಟೇಷನ್ಸ್’ನಲ್ಲಿ ಇರುವುದು ‘ನಾನಿದ್ದೇನೆ’ ಎಂದು ನಾನು ಹೇಳಿದಾಗಲೆಲ್ಲ ಅಥವಾ ಯೋಚಿಸಿದಾಗಲೆಲ್ಲ ಅದು ಸತ್ಯವೇ ಆಗಿರುತ್ತದೆ ಎಂಬ ಅರ್ಥದ ಮಾತು. ‘ಆದ್ದರಿಂದ’ ಎಂಬುದು ಅಲ್ಲಿಲ್ಲ. ಲ್ಯಾಟಿನ್‌ನ ಆ ಪ್ರಸಿದ್ಧ ರೂಪ ಬರುವುದು 1644ರ ‘ಪ್ರಿನ್ಸಿಪಲ್ಸ್’ನಲ್ಲಿ. ಇಸವಿ ಹೇಳಿ ಜಾಣತನ ತೋರಿಸಲು ಇದನ್ನು ಬರೆಯುತ್ತಿಲ್ಲ. ‘ನಾನಿದ್ದೇನೆ’ ಎಂಬುದು ಆಧಾರದಿಂದ ಇನ್ಫರ್ ಮಾಡಿ ಪಡೆದ ತೀರ್ಮಾನವೋ ನೇರ ಅರಿವೋ ಎಂಬ ಚರ್ಚೆಗೆ ಆ ‘ಆದ್ದರಿಂದ’ವೇ ಮೂಲ.

ಜರ್ಮನ್ ತತ್ವಜ್ಞಾನಿ ಕಾಂಟ್‌ನ ‘ಆ ಪ್ರಿಯೋರಿ’ಗೆ ‘ಹುಟ್ಟಿನಿಂದ ಬಂದ ಜ್ಞಾನ’ ಎಂದು ಬರೆಯುವುದು ಅಷ್ಟೇ ಕೆಟ್ಟದ್ದು. ಅನುಭವದ ಸಾಕ್ಷ್ಯವನ್ನು ಅವಲಂಬಿಸದ ಜ್ಞಾನ ಎಂಬುದು ಸರಿ. ಜ್ಞಾನ ಯಾವಾಗ ಬಂತು ಎಂಬುದಕ್ಕೂ ಅದು ಯಾವುದರ ಬಲದಿಂದ ನಿಲ್ಲುತ್ತದೆ ಎಂಬುದಕ್ಕೂ ವ್ಯತ್ಯಾಸವಿದೆ. ಏಳಕ್ಕೆ ಐದು ಕೂಡಿದರೆ ಹನ್ನೆರಡು ಎಂಬುದನ್ನು ಮಗು ಹುಣಸೆಬೀಜ ಎಣಿಸಿ ಕಲಿಯಬಹುದು, ಆದರೆ ಅದರ ಸತ್ಯ ಬೀಜಗಳನ್ನು ನೆಚ್ಚಿಕೊಂಡಿಲ್ಲ.

ಪ್ರಮಾಣಗಳ, ಅಂದರೆ ಸರಿಯಾದ ಜ್ಞಾನ ಪಡೆಯುವ ಸಾಧನಗಳ, ಕೋಷ್ಟಕವೂ ಹಲವೆಡೆ ತಪ್ಪಾಗಿದೆ. ಚಾರ್ವಾಕರಿಗೆ ಪ್ರತ್ಯಕ್ಷ (ಇಂದ್ರಿಯಗಳಿಂದ ಕಂಡದ್ದು) ಒಂದೇ. ಬೌದ್ಧರಿಗೆ, ವೈಶೇಷಿಕರಿಗೆ ಪ್ರತ್ಯಕ್ಷ, ಅನುಮಾನ (ಸಂದೇಹವಲ್ಲ, ಹೇತುವಿನಿಂದ ತೀರ್ಮಾನಿಸುವುದು) ಎರಡು. ಸಾಂಖ್ಯರಿಗೆ ಶಬ್ದವೂ (ನಂಬಲರ್ಹರ ಮಾತು) ಸೇರಿ ಮೂರು, ದ್ವೈತ ವೇದಾಂತದ ಮಧ್ವರಿಗೂ ಮೂರೇ. ನ್ಯಾಯಕ್ಕೆ ಉಪಮಾನ (ಹೋಲಿಕೆಯಿಂದ ತಿಳಿಯುವುದು) ಸೇರಿ ನಾಲ್ಕು, ಪ್ರಾಭಾಕರ ಮೀಮಾಂಸಕರಿಗೆ ಅರ್ಥಾಪತ್ತಿ (ಬೇರೆ ರೀತಿ ವಿವರಿಸಲಾಗದ್ದರಿಂದ ಒಪ್ಪುವುದು) ಸೇರಿ ಐದು, ಭಾಟ್ಟ ಮೀಮಾಂಸಕರಿಗೂ ಅದ್ವೈತಿಗಳಿಗೂ ಅನುಪಲಬ್ಧಿ (ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು) ಸೇರಿ ಆರು. ವೇದಾಂತ ಎಂದರೆ ಆರು ಎಂದು ಒಟ್ಟಾಗಿ ಬರೆದ ನೋಟ್ಸ್ ಉಡುಪಿಯ ನಾಡಿನಲ್ಲೇ ಮಾರಾಟವಾಗುವುದು ವಿಚಿತ್ರ.

ನೋಟ್ಸ್ ಬರೆಯುವ ಕ್ರಮವನ್ನೂ ಹೇಳಬೇಕು. ಉದ್ದನೆಯ ಪುಸ್ತಕದ ಒಂದು ಪುಟಕ್ಕೆ ಮೂರೇ ಪದ ಸಾಕು. ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದು, ಒತ್ತು ಬೀಳುವ ಜಾಗಕ್ಕೆ ಗೆರೆ ಎಳೆಯಬೇಕು. ಅದರ ಕೆಳಗೆ ಕುಟುಂಬದ ಇತರ ರೂಪಗಳು: ಅನಲೈಸ್, ಅನಾಲಿಸಿಸ್, ಅನಲಿಟಿಕ್. ಆಮೇಲೆ ಪಠ್ಯದಿಂದಲೇ ಎತ್ತಿದ ಒಂದು ಪೂರ್ತಿ ವಾಕ್ಯ, ಆ ವಾಕ್ಯದಲ್ಲಿ ಪದಕ್ಕಿರುವ ಕನ್ನಡ ಅರ್ಥ, ಯಾವ ತತ್ವಜ್ಞಾನಿ ಆ ಅರ್ಥದಲ್ಲಿ ಬಳಸಿದ ಎಂಬುದು, ಮತ್ತು ಅದರೊಡನೆ ಗೊಂದಲವಾಗುವ ಪದ. ಪ್ಲೇಟೋನ ‘ಐಡಿಯಾ’ ಮನಸ್ಸಿನಲ್ಲಿ ಇರುವಂಥದ್ದಲ್ಲ, ಇಂಗ್ಲಿಷ್ ತತ್ವಜ್ಞಾನಿ ಲಾಕ್‌ನದು ಮನಸ್ಸಿನಲ್ಲೇ ಇರುವಂಥದ್ದು. ಹೆಸರು ಬರೆಯದಿದ್ದರೆ ಈ ಎರಡನ್ನು ಬಿಡಿಸಲು ಬೇರೆ ದಾರಿಯಿಲ್ಲ.

ದಿನಕ್ಕೆ ಆರರಿಂದ ಎಂಟು ಪದ ಸಾಕು. ಮರುದಿನ, ಮೂರನೆಯ ದಿನ, ವಾರದ ನಂತರ, ತಿಂಗಳ ನಂತರ ಕನ್ನಡದ ಭಾಗವನ್ನು ಕೈಯಿಂದ ಮುಚ್ಚಿ ಬಾಯಿಬಿಟ್ಟು ಅರ್ಥ ಹೇಳಬೇಕು. ಆಮೇಲೆ ಇಂಗ್ಲಿಷ್ ಮುಚ್ಚಿ ಪದ ಹೇಳಬೇಕು. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಬಹಳಷ್ಟು ಮರೆಯುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ. ಹಳದಿ ಹೈಲೈಟರ್ ಹಚ್ಚಿ ಮತ್ತೆ ಮತ್ತೆ ಓದಿದರೆ ಪದದ ಮುಖಪರಿಚಯ ಆಗುತ್ತದೆ, ಅಷ್ಟೇ. ಬರೆಯಲು ಕುಳಿತಾಗ ಅದು ಬಾರದು. ಒಂದು ಎಚ್ಚರಿಕೆ: ಒಂದೇ ತೆರನಾಗಿ ಕೇಳಿಸುವ ಜೋಡಿಗಳನ್ನು ಒಂದೇ ದಿನ ಕಲಿಯಬಾರದು. ಡಿಡಕ್ಟಿವ್, ಇಂಡಕ್ಟಿವ್ ಒಟ್ಟಿಗೆ ಕಲಿತವರು ಯಾವುದು ಯಾವುದೆಂದು ಪರೀಕ್ಷೆಯವರೆಗೂ ಅದಲುಬದಲು ಮಾಡುತ್ತಾರೆ. ಒಂದು ಗಟ್ಟಿಯಾದ ಮೇಲೆ, ನಾಲ್ಕಾರು ದಿನ ಬಿಟ್ಟು ಇನ್ನೊಂದು. ಪುಸ್ತಕದಂಗಡಿಯ ಪಟ್ಟಿ ಅಕಾರಾದಿ ಕ್ರಮದಲ್ಲಿದ್ದರೆ ಅದನ್ನು ಆ ಕ್ರಮದಲ್ಲೇ ಓದದಿರುವುದಕ್ಕೂ ಇದೇ ಕಾರಣ. ಒಂದೇ ಉಪಸರ್ಗದ ಪದಗಳೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ.

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ದಿನವೂ ಐದು ಪದ, ಐದು ಅರ್ಥ ಬರುತ್ತಿವೆ. ಅಷ್ಟೇ ಜಾಗದಲ್ಲಿ ಎರಡು ಪದ ಕೊಡಿ. ಪ್ರತಿಯೊಂದಕ್ಕೂ ಒಂದು ಪೂರ್ತಿ ವಾಕ್ಯ ಮತ್ತು ಆ ಪದ ಯಾವ ವಿಷಯದಲ್ಲಿ ಅರ್ಥ ಬದಲಿಸುತ್ತದೆ ಎಂಬ ಒಂದು ಸಾಲು ಇರಲಿ. ತತ್ವಶಾಸ್ತ್ರದ ಪ್ರಶ್ನೋತ್ತರ ಹಾಕುವಾಗ ಉಲ್ಲೇಖಕ್ಕೆ ಕೃತಿಯ ಹೆಸರು, ಇಸವಿ ಜೊತೆಗಿರಲಿ. ತಪ್ಪಾದಾಗ ಮರುವಾರ ಅದೇ ಜಾಗದಲ್ಲಿ ತಿದ್ದುಪಡಿ ಅಚ್ಚಾದರೆ ಕತ್ತರಿಸಿ ಅಂಟಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಅನುಕೂಲ.

ಇಂತಿ,
ಪದವಿ ಕಾಲೇಜಿನ ಇಂಗ್ಲಿಷ್ ಮತ್ತು ತತ್ವಶಾಸ್ತ್ರ ಅಧ್ಯಾಪಕರು
ಧಾರವಾಡ